ಪಾಸಾದ ಪಾಠ

“ಪಾಸಾಗಿರೋ ಕೋರ್ಸಿಗೇ ಮತ್ತೆ ಯಾಕ್ರೀ ಸೇರ್ಕೊಂಡ್ರಿ?” ಎಂದು ಕಡೂರಿನ ಟ್ರ್ಯಾಕ್ಟರ್ ಷೋರೂಮಿನ ಮ್ಯಾನೇಜರ್ ಕೇಳಿದಾಗ ಮುಸರತ್, “ಇನ್ನೂ ಚೆನ್ನಾಗಿ ಕಲೀಬೇಕು ಸರ್” ಎಂದು ತಲೆ ತಗ್ಗಿಸಿದಳು. ಕಂಪನಿಯ ಆ ಆನ್‌ಲೈನ್ ತರಬೇತಿಯನ್ನು ಅಲ್ಲಿ ಉಳಿದವರೆಲ್ಲ ಅರ್ಧಕ್ಕೇ ಬಿಟ್ಟಿದ್ದರು.

ಕೋರ್ಸಿನಲ್ಲಿ ಇಬ್ಬಿಬ್ಬರು ಜೊತೆಯಾಗಿ ಫೋನಿನಲ್ಲಿ ಮಾರಾಟದ ಮಾತು ಅಭ್ಯಾಸ ಮಾಡಬೇಕಿತ್ತು. ಮುಸರತ್‌ಗೆ ಹೋದ ಸಲವೂ ಈ ಸಲವೂ ಜೊತೆ ಅಜ್ಜಂಪುರ ಶಾಖೆಯ ಮಲ್ಲಿಕಾಂಬ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಮುಸರತ್‌ಳನ್ನು ಮಾತಾಡಿಸುವವರೇ ಇರಲಿಲ್ಲ. ಸಂಜೆಯ ಆ ಕರೆಗಾಗಿ ಅವಳು ದಿನವಿಡೀ ಕಾಯುತ್ತಿದ್ದಳು.

ಅಂದು ಮಲ್ಲಿಕಾಂಬ ಗಿರಾಕಿಯಾಗಬೇಕಿತ್ತು. “ನಮಸ್ಕಾರ, ಯಾವ ಟ್ರ್ಯಾಕ್ಟರ್ ನೋಡ್ತಿದೀರಾ?” ಎಂದಳು ಮುಸರತ್.

“ಲೈನಲ್ಲಿದೀರಾ ಅಕ್ಕಾ?” ಎಂದು ಮತ್ತೆ ಕೇಳಿದಳು.

“ಇದೀನಿ ಕಣಮ್ಮ,” ಎಂದಳು ಮಲ್ಲಿಕಾಂಬ ಮೆಲ್ಲಗೆ. “ನಾನು ಹೋದ್ಸಲನೇ ಪಾಸಾಗಿದ್ದೆ. ನಿನ್ ದನಿ ಕೇಳ್ಬೇಕು ಅನ್ಸ್ತು, ಮತ್ತೆ ಸೇರ್ಕೊಂಡೆ. ಬೇಜಾರ್ ಮಾಡ್ಕೋಬೇಡ.”

ಮುಸರತ್ ಕಂಪ್ಯೂಟರಿನಲ್ಲಿ ತೆರೆದಿದ್ದ ಪಾಠವನ್ನು ಮುಚ್ಚಿ, ಕುರ್ಚಿ ಎಳೆದು ಕೂತಳು.

“ಅಕ್ಕಾ, ಇವತ್ತು ಏನ್ ಅಡುಗೆ ಮಾಡಿದ್ರಿ?” ಎಂದು ಕೇಳಿದಳು.