ಓದದೆ ಉಳಿದ ಎರಡು ಪುಟ

ಗಾಜಿನ ಪೆಟ್ಟಿಗೆಯಲ್ಲಿದ್ದ ಹಳೆಯ ಸಾಹಸ ಚಿತ್ರಕಥೆಯ ಪುಸ್ತಕ ತನ್ನದು, ಈಗಲೇ ತೆಗೆದುಕೊಡಿ ಎಂದು ಅರವತ್ತಾರರ ಪದ್ಮಾಕ್ಷಿ ಪಟ್ಟು ಹಿಡಿದಾಗ ಮ್ಯೂಸಿಯಂ ಅಧಿಕಾರಿಗೆ ನಗು ಬಂತು.

“ಇದು ಒಬ್ಬ ಹೆಡ್‌ಮೇಷ್ಟ್ರು ಕೊಟ್ಟ ದಾನ ಅಮ್ಮಾ.”

“ದಾನವಂತೆ ದಾನ! ಕ್ಲಾಸಲ್ಲಿ ನನ್ನ ಕೈಯಿಂದ ಕಿತ್ಕೊಂಡಿದ್ದು. ಕೊನೇ ಎರಡು ಪುಟ ಓದೋಕೂ ಬಿಡ್ಲಿಲ್ಲ. ಹನ್ನೊಂದನೇ ಪುಟದಲ್ಲಿ ಕಳ್ಳರ ನಾಯಕನಿಗೆ ಆ ಮೇಷ್ಟ್ರ ಕನ್ನಡಕಾನೇ ಬರೆದಿದೀನಿ, ತೆಗೆದು ನೋಡಿ.”

ನೋಡಿದ. ಕನ್ನಡಕ ಇತ್ತು.

ಅಷ್ಟಕ್ಕೇ ಸೋಲೊಪ್ಪುವ ಆಸಾಮಿಯಲ್ಲ ಅವನು. ಕಡತದಿಂದ ದಾನಪತ್ರ ತೆಗೆದು ಓದುತ್ತ ಹೋದಂತೆ ಅವನ ಮುಖ ಅರಳಿತು.

“ಪುಸ್ತಕ ನಿಮ್ದೇ, ಒಪ್ಪಿದೆ. ಆ ಹುಡುಗಿ ಯಾವತ್ತು ಬಂದು ಕೇಳಿದ್ರೂ ಕೊಟ್ಬಿಡಿ ಅಂತ ಮೇಷ್ಟ್ರೇ ಬರೆದಿದಾರೆ. ಆದ್ರೆ ಒಂದು ಷರತ್ತು. ಅವಳು ಅವಳಪ್ಪನ್ನ ಕರ್ಕೊಂಡು ಬರಬೇಕಂತೆ. ಆಗ್ಲೇ ಕರ್ಕೊಂಡು ಬಂದಿದ್ರೆ ಮುಗೀತಿತ್ತು.”

“ಆಗ ಹೆದರ್ಕೊಂಡಿದ್ದೆ.”

“ಈಗೇನು ಮಾಡೋಕಾಗುತ್ತೆ ಹೇಳಿ,” ಎಂದು ಅವನು ನಯವಾಗಿ ಪೆಟ್ಟಿಗೆಗೆ ಬೀಗ ಹಾಕಿದ.

ಪದ್ಮಾಕ್ಷಿ ಬಾಗಿಲಾಚೆ ನಿಂತಿದ್ದ ಆಟೋದತ್ತ ತಿರುಗಿ ಗಟ್ಟಿಯಾಗಿ ಕೂಗಿದರು: “ಅಪ್ಪಾ, ಒಳಗೆ ಬಾ. ಮೇಷ್ಟ್ರು ಕರೀತಿದಾರೆ!”