ಬೆಣಚುಕಲ್ಲಿನ ಹಳದಿ ಗೆರೆ

ದೀಪ ಹಚ್ಚಲು ಬೆಂಕಿಕಡ್ಡಿ ಗೀರಿದಾಗ ಬರುವ ವಾಸನೆಗೆ ಇವತ್ತಿಗೂ ನನ್ನ ತಲೆ ತಗ್ಗುತ್ತದೆ.

ತಾತ ಹರೆಯದಲ್ಲಿ ದೂರದ ಬೋಳುಗುಡ್ಡದ ಚಿನ್ನದ ಗಣಿಯಲ್ಲಿ ಕಲ್ಲು ಒಡೆದವರು. ಚಿನ್ನ ತೀರಿ ಗಣಿ ಮುಚ್ಚಿದಾಗ, ಹಳದಿ ಗೆರೆಯಿದ್ದ ಒಂದು ಬೆಣಚುಕಲ್ಲನ್ನು ತಂದು ಅಜ್ಜಿಯ ಕೈಗಿಟ್ಟಿದ್ದರು. ಪೂರಿಗಾಲಿಯ ನಮ್ಮ ಮನೆಯ ದೇವರ ಗೂಡಿನಲ್ಲಿ ಅದಕ್ಕೆ ಪ್ರತಿ ಶುಕ್ರವಾರ ಅರಿಶಿನ, ಕುಂಕುಮ. ಮೈಮೇಲೆ ಗುಲಗಂಜಿಯಷ್ಟೂ ಒಡವೆಯಿಲ್ಲದ ಅಜ್ಜಿ, ‘ನನ್ ಚಿನ್ನ ದೇವ್ರತ್ರ ಅದೆ ಕಣ್ರವ್ವ’ ಎಂದು ನೆರೆಯವರ ಮುಂದೆ ಬೀಗುತ್ತಿದ್ದಳು.

‘ಕುಟ್ಟುದ್ರೆ ಚಿನ್ನ ಚಪ್ಪಟೆ ಆಯ್ತದೆ, ಮಿಕ್ಕಿದ್ದೆಲ್ಲ ಪುಡಿ ಆಯ್ತದೆ’ ಎಂದು ತಾತನೇ ನನಗೆ ಹೇಳಿಕೊಟ್ಟಿದ್ದರು. ನನ್ನ ಬಾಲ್ಯದ ಒಂದು ಮಧ್ಯಾಹ್ನ ಅಜ್ಜಿ ಪಕ್ಕದ ಮನೆಯವಳ ಜೊತೆ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನನಗೋ ನನ್ನ ಜಾಣತನ ತೋರಿಸಬೇಕಿತ್ತು. ಗೂಡಿನಿಂದ ಕಲ್ಲು ತಂದು ಅವರೆದುರೇ ಗುಂಡುಕಲ್ಲಿನಿಂದ ಕುಟ್ಟಿದೆ. ಕಿಡಿ ಹಾರಿತು, ಗಂಧಕದ ವಾಸನೆ ಎದ್ದಿತು. ಹಳದಿ ಗೆರೆ ಕಪ್ಪು ಪುಡಿಯಾಯಿತು.

‘ತಾತೋ, ಇದು ಚಿನ್ನ ಅಲ್ಲ! ಪುಡಿ ಆಗೋಯ್ತು!’ ಎಂದು ಚಪ್ಪಾಳೆ ತಟ್ಟಿ ಕೂಗಿದೆ.

ಬಾಗಿಲಿಗೆ ಬಂದ ತಾತ ನನ್ನ ಕಡೆ ನೋಡಲೇ ಇಲ್ಲ, ಅಜ್ಜಿಯನ್ನು ನೋಡಿದರು. ‘ಚಿನ್ನ ಅಲ್ಲ ಅಂತ ನಂಗ್ ಮೊದ್ಲೇ ಗೊತ್ತಿತ್ತು ಕಣಮ್ಮಿ’ ಎಂದರು ಮೆಲ್ಲಗೆ.

ಪಕ್ಕದ ಮನೆಯವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅಜ್ಜಿ ತಲೆ ಎತ್ತದೆ ಸುಲಿಯುತ್ತಲೇ ಇದ್ದಳು. ಕಾಳು ಸಿಪ್ಪೆಯ ರಾಶಿಗೆ ಬೀಳುತ್ತಿತ್ತು, ಸಿಪ್ಪೆ ಮೊರಕ್ಕೆ.