ಹಗುರ ತಾಸಿನ ರೇಸು

ದಿನಾ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಭೂಮಿಯ ಮೇಲೆ ಎಲ್ಲದರ ತೂಕವೂ ಅರ್ಧಕ್ಕಿಳಿಯುತ್ತಿತ್ತು. ಹುಬ್ಬಳ್ಳಿಯವರು ಕಾರ್ ರೇಸನ್ನು ಆ ತಾಸಿನಲ್ಲೇ ಇಡುತ್ತಿದ್ದರು. ತಗಡಿನ ಶೆಡ್ಡಿನಲ್ಲಿ ದ್ರಾಕ್ಷಾಯಣಿ ಕಾರಿನಲ್ಲಿ ಕೂತ ಮಗಳ ಬೆಲ್ಟು ಬಿಗಿದಳು.

“ಯವ್ವಾ, ಎಲ್ಲಾರ ಕಾರಿಗೂ ನಾಕೂ ಗಾಲಿ ಎಳೀತಾವ. ನಮ್ಮದಕ್ಕ ಹಿಂದಿನವು ಎರಡ,” ಎಂದು ಸುವರ್ಣಾ ಗೊಣಗಿದಳು.

“ಈ ತಾಸಿನ್ಯಾಗ ಹಗುರಾಗಿ ಎಲ್ಲಾ ಕಾರೂ ಜಾರ್ತಾವ. ಅವು ಜಾರೂದನ್ನ ಕಡೀತನಕ ಮುಚ್ಚಿಡ್ತಾವ, ಆಮ್ಯಾಲ ನಾಕೂ ಒಮ್ಮೆಲೆ ಕೈಬಿಡ್ತಾವ. ಇದು ಮದಲ ಹೇಳ್ತದ. ಕುಂಡಿಗೆ ಗೊತ್ತಾಗ್ತದ, ಹೋಗು.”

ಕಡೆಯ ತಿರುವಿನಲ್ಲಿ ಮುಂದಿದ್ದ ಮೂರೂ ಕಾರುಗಳು ಜಾರಿ ಹುಲ್ಲಿಗಿಳಿದವು. ಸುವರ್ಣಾಳ ಕಾರು ಬಾಲ ಬೀಸಿತು, ನೆಟ್ಟಗಾಯಿತು, ಮೊದಲು ಗೆರೆ ದಾಟಿತು.

‘ಈ ತಾಸಿನ್ಯಾಗ ಜಿಗೀಬ್ಯಾಡ್ರಿ’ ಎಂದು ಶೆಡ್ಡಿನ ಗೋಡೆಗೆ ತಾನೇ ಬರೆಸಿದ್ದ ದ್ರಾಕ್ಷಾಯಣಿ, ಖುಷಿಗೆ ಜಿಗಿದು ಮೇಲಿನ ತಗಡಿಗೆ ತಲೆ ಬಡಿಸಿಕೊಂಡಳು.